ಡೇಟಾದಲ್ಲಿ ಖಾಲಿ ಸೆಲ್: ಲೆಕ್ಕ ಎಲ್ಲಿ ಕೆಟ್ಟಿತು ಅಂತ ಹುಡುಕುವುದು ಹೇಗೆ

ಎಂ.ಎಸ್ಸಿ. ಓದುತ್ತಿರುವ ಹುಡುಗಿಯೊಬ್ಬಳು ಎರಡು ಪ್ರಿಂಟ್ ತಂದು ಮೇಜಿನ ಮೇಲಿಟ್ಟಳು. ಒಂದರಲ್ಲಿ ಮೇ ತಿಂಗಳ ತಾಪಮಾನದ ಸರಾಸರಿ 65.55. ಇನ್ನೊಂದರಲ್ಲಿ 66.46. ಫೈಲ್ ಒಂದೇ, ತಿಂಗಳೂ ಒಂದೇ. ತಾಪಮಾನದ ಕಾಲಂನಲ್ಲಿ ಒಂದೇ ಒಂದು ಸೆಲ್ ಕೂಡ ಖಾಲಿ ಇರಲಿಲ್ಲ. "ಸರ್, ಇದರಲ್ಲಿ ಯಾವುದು ಸರಿ? ಎರಡೂ ಕಂಪ್ಯೂಟರೇ ಕೊಟ್ಟಿದ್ದು" ಅಂದಳು.

ಇಂಥ ಪ್ರಶ್ನೆ ನನಗೆ ತಿಂಗಳಿಗೆ ಒಂದೆರಡು ಸಲವಾದರೂ ಬರುತ್ತೆ. ಖಾಲಿ ಸೆಲ್‌ಗಳು ಕೆಡಿಸುವ ಲೆಕ್ಕ ಹೆಚ್ಚಾಗಿ ಎರರ್ ತೋರಿಸುವುದಿಲ್ಲ. ನಂಬುವಂಥ ಸಂಖ್ಯೆಯನ್ನೇ ಕೊಡುತ್ತೆ. ಹಾಗಾಗಿ ಲಕ್ಷಣದಿಂದ ಹಿಂದಕ್ಕೆ ಹೋಗಿ ಕಾರಣ ಹುಡುಕುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಅವಳು ತಂದ ಫೈಲ್ ಅನ್ನೇ ಇಟ್ಟುಕೊಳ್ಳೋಣ. ಅದು ಆರ್ (ಅಂಕಿಅಂಶದ ಲೆಕ್ಕಕ್ಕೆ ಬಳಸುವ ಸಾಫ್ಟ್‌ವೇರ್) ಹಾಕಿಕೊಂಡ ಎಲ್ಲರ ಕಂಪ್ಯೂಟರಿನಲ್ಲೂ ಇರುತ್ತೆ, ಹೆಸರು ಏರ್‌ಕ್ವಾಲಿಟಿ. ನೀವೂ ತೆಗೆದು ಜೊತೆಜೊತೆಗೇ ನೋಡಬಹುದು.

ಫೈಲ್‌ನಲ್ಲಿ ಏನಿದೆ

1973ರ ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ನ್ಯೂಯಾರ್ಕ್ ನಗರದ ಗಾಳಿಯ ಲೆಕ್ಕ. ದಿನಕ್ಕೊಂದು ಸಾಲು, ಒಟ್ಟು 153 ಸಾಲು. ಓಝೋನ್ ಅಳೆದದ್ದು ರೂಸ್‌ವೆಲ್ಟ್ ದ್ವೀಪದಲ್ಲಿ, ಬಿಸಿಲಿನ ವಿಕಿರಣ ಸೆಂಟ್ರಲ್ ಪಾರ್ಕ್‌ನಲ್ಲಿ, ಗಾಳಿಯ ವೇಗ ಮತ್ತು ದಿನದ ಗರಿಷ್ಠ ತಾಪಮಾನ ಲಾಗಾರ್ಡಿಯಾ ವಿಮಾನ ನಿಲ್ದಾಣದಲ್ಲಿ. ತಾಪಮಾನ ಫ್ಯಾರನ್‌ಹೀಟ್‌ನಲ್ಲಿದೆ.

ಓಝೋನ್ ಕಾಲಂನಲ್ಲಿ 37 ಖಾಲಿ. ವಿಕಿರಣದಲ್ಲಿ 7. ವಿಮಾನ ನಿಲ್ದಾಣದಿಂದ ಬಂದ ಎರಡು ಕಾಲಂಗಳಲ್ಲಿ ಒಂದೂ ಖಾಲಿ ಇಲ್ಲ. ಯಾವ ಕಾಲಂ ಯಾವ ಜಾಗದಿಂದ, ಯಾರ ಕೈಯಿಂದ ಬಂತು ಅನ್ನುವುದನ್ನು ಮೊದಲೇ ಗುರುತು ಹಾಕಿಕೊಳ್ಳಿ. ಮುಂದೆ ಅರ್ಧ ಕೆಲಸ ಇದರಿಂದಲೇ ಆಗುತ್ತೆ.

ಲಕ್ಷಣ 1: ಉತ್ತರದ ಜಾಗದಲ್ಲಿ ಎನ್‌ಎ ಬರುತ್ತಿದೆ

ಇದು ಸುಲಭದ್ದು. ಆರ್‌ನಲ್ಲಿ ಓಝೋನ್ ಸರಾಸರಿ ಕೇಳಿದರೆ ಎನ್‌ಎ, ಅಂದರೆ ಬೆಲೆ ಸಿಗುತ್ತಿಲ್ಲ, ಅನ್ನುತ್ತೆ. ಖಾಲಿ ಇರುವುದನ್ನು ಬಿಟ್ಟು ಲೆಕ್ಕ ಹಾಕು ಅಂತ ನೀವೇ ಹೇಳಿದರೆ 42.13 ಕೊಡುತ್ತೆ. ಕೆಲವರಿಗೆ ಇದು ಕಿರಿಕಿರಿ. ನನಗಂತೂ ಇಷ್ಟ, ಯಾಕಂದ್ರೆ "ಇಲ್ಲಿ ಏನೋ ಕಾಣೆಯಾಗಿದೆ, ಏನು ಮಾಡಲಿ?" ಅಂತ ಅದು ನಮ್ಮನ್ನು ಕೇಳುತ್ತೆ.

ಪೈಥಾನ್ ಭಾಷೆಯಲ್ಲಿ ಟೇಬಲ್ ಲೆಕ್ಕಕ್ಕೆ ಬಳಸುವ ಪಾಂಡಾಸ್ ಕೇಳುವುದಿಲ್ಲ. ಖಾಲಿಯನ್ನು ತಾನೇ ಬಿಟ್ಟು ಸರಾಸರಿ ಕೊಟ್ಟುಬಿಡುತ್ತೆ. ಇಡೀ ಕಾಲಂ ಖಾಲಿ ಇದ್ದರೂ ಮೊತ್ತ ಕೇಳಿದರೆ 0 ಅನ್ನುತ್ತೆ. ಎಕ್ಸೆಲ್ ಕೂಡ ಸರಾಸರಿಯಲ್ಲಿ ಖಾಲಿ ಸೆಲ್ ಬಿಡುತ್ತೆ. ಆದರೆ ಇನ್ನೊಂದು ಶೀಟ್‌ನಿಂದ ಆ ಖಾಲಿ ಸೆಲ್ ಅನ್ನು ಸಮಚಿಹ್ನೆ ಹಾಕಿ ಎಳೆದುಕೊಂಡರೆ ಅಲ್ಲಿ 0 ಬಂದು ಕೂರುತ್ತೆ. ಆಮೇಲೆ ಆ ಸೊನ್ನೆಯೂ ಸರಾಸರಿಗೆ ಸೇರುತ್ತೆ. ಶೀಟ್‌ನಿಂದ ಶೀಟ್‌ಗೆ ಲಿಂಕ್ ಮಾಡಿದ ಫೈಲ್ ಕೈಗೆ ಬಂದಾಗ ನಾನು ಮೊದಲು ನೋಡುವುದೇ ಇದನ್ನು.

ಲಕ್ಷಣ 2: ಪೂರ್ತಿ ತುಂಬಿದ ಕಾಲಂನ ಉತ್ತರ ಬದಲಾಗುತ್ತಿದೆ

ಹುಡುಗಿ ತಂದ ದೋಷ ಇದೇ. ಮೊದಲ ಪ್ರಿಂಟ್‌ನಲ್ಲಿ ಅವಳು ತಾಪಮಾನ ಒಂದನ್ನೇ ತಿಂಗಳವಾರು ಸರಾಸರಿ ಮಾಡಿದ್ದಳು. ಎರಡನೆಯದರಲ್ಲಿ ಕೆಲಸ ಬೇಗ ಮುಗಿಯಲಿ ಅಂತ ಎಲ್ಲ ಕಾಲಂಗಳನ್ನೂ ಒಂದೇ ಸೂತ್ರದಲ್ಲಿ ಕೊಟ್ಟಿದ್ದಳು. ಹಾಗೆ ಕೊಟ್ಟಾಗ ಆರ್‌ನ ಆ ಫಂಕ್ಷನ್, ಯಾವುದಾದರೂ ಒಂದು ಕಾಲಂನಲ್ಲಿ ಖಾಲಿ ಇದ್ದರೂ ಇಡೀ ಸಾಲನ್ನು ಬಿಸಾಡುತ್ತೆ.

ಮೇ ತಿಂಗಳ 31 ಸಾಲುಗಳಲ್ಲಿ ಓಝೋನ್ ಇಲ್ಲದ ದಿನಗಳು 5, 10, 25, 26, 27. ವಿಕಿರಣ ಇಲ್ಲದ ದಿನಗಳು 5, 6, 11, 27. ಸೇರಿಸಿದರೆ 7 ದಿನ ಹೋಯಿತು, ಉಳಿದದ್ದು 24. ಹೋದ ದಿನಗಳ ತಾಪಮಾನ ನೋಡಿ: 56, 66, 69, 74, 57, 58, 57. ಹೆಚ್ಚಿನವು ತಂಪು ದಿನಗಳು. ತಂಪು ದಿನ ತೆಗೆದರೆ ಸರಾಸರಿ ಏರಲೇಬೇಕು ಅಲ್ವಾ? ಏರಿತು, 66.46 ಆಯಿತು. ಓಝೋನ್ ಸರಾಸರಿಯೂ ಹೀಗೇ 23.62ರಿಂದ 24.13ಕ್ಕೆ ಹೋಗಿತ್ತು. ವಿಕಿರಣದ ರೀಡಿಂಗ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ, ಓಝೋನ್ 28 ಮತ್ತು 7 ಇದ್ದ ಎರಡು ಒಳ್ಳೆಯ ದಿನಗಳು ಕಸದ ಬುಟ್ಟಿಗೆ ಬಿದ್ದಿದ್ದವು.

ಸಮೀಕರಣ ಹಾಕುವಾಗಲೂ ಇದೇ ಆಗುತ್ತೆ. ಓಝೋನ್‌ಗೆ ವಿಕಿರಣ, ಗಾಳಿ, ತಾಪಮಾನ ಮೂರನ್ನೂ ಕೊಟ್ಟು ರಿಗ್ರೆಶನ್ (ಒಂದು ಕಾಲಂ ಅನ್ನು ಬೇರೆ ಕಾಲಂಗಳಿಂದ ಅಂದಾಜು ಮಾಡುವ ಸಮೀಕರಣ) ಮಾಡಿದರೆ, ಫಲಿತಾಂಶದ ಕೆಳಗೆ 42 ಸಾಲು ಬಿಟ್ಟಿದ್ದೇನೆ ಅಂತ ಸಣ್ಣದಾಗಿ ಬರೆದಿರುತ್ತೆ. ಅಂದರೆ ಉಳಿದದ್ದು 111. ವಿಕಿರಣ ತೆಗೆದು ಮತ್ತೆ ಓಡಿಸಿದರೆ 116 ಸಾಲು. ಈಗ ಎರಡು ಮಾದರಿಗಳ ಎಐಸಿ (ಮಾದರಿಗಳನ್ನು ಹೋಲಿಸುವ ಒಂದು ಅಂಕ) ಪಕ್ಕಪಕ್ಕ ಇಟ್ಟು "ಇದೇ ಉತ್ತಮ" ಅನ್ನುವ ಹಾಗಿಲ್ಲ. ಎರಡೂ ಬೇರೆ ಬೇರೆ ದಿನಗಳ ಮೇಲೆ ನಿಂತಿವೆ. ಪ್ರಬಂಧಗಳಲ್ಲಿ ಈ ತಪ್ಪು ತುಂಬಾ ಸಲ ನೋಡಿದ್ದೇನೆ. ನೋಡಿದಾಗಲೆಲ್ಲ ಬೇಜಾರಾಗುತ್ತೆ, ಯಾಕಂದ್ರೆ ಉಳಿದ ಕೆಲಸವನ್ನೆಲ್ಲ ಅವರು ಶ್ರದ್ಧೆಯಿಂದ ಮಾಡಿರುತ್ತಾರೆ.

ಪರೀಕ್ಷೆ ಸರಳ. ಪ್ರತಿ ಲೆಕ್ಕದ ಪಕ್ಕದಲ್ಲೂ ಎಷ್ಟು ಸಾಲು ಬಳಸಿದೆ ಅಂತ ಬರೆಯಿರಿ. ಮಾದರಿಗಳನ್ನು ಹೋಲಿಸಬೇಕಿದ್ದರೆ, ಎಲ್ಲದಕ್ಕೂ ಬೇಕಾದ ಕಾಲಂಗಳು ತುಂಬಿರುವ ಸಾಲುಗಳನ್ನು ಮೊದಲೇ ಆರಿಸಿಟ್ಟು, ಎಲ್ಲವನ್ನೂ ಅದರ ಮೇಲೇ ಓಡಿಸಿ.

ಲಕ್ಷಣ 3: ಖಾಲಿಯೇ ಇಲ್ಲ ಅನ್ನುತ್ತೆ, ಆದರೂ ಸಂಖ್ಯೆ ವಿಚಿತ್ರ

ಅಮೆರಿಕದ ಅರಿಝೋನಾದ ಪಿಮಾ ಸಮುದಾಯದ ಹೆಂಗಸರ ಮಧುಮೇಹದ ಡೇಟಾ ಒಂದಿದೆ. 768 ಸಾಲು. ಮಷಿನ್ ಲರ್ನಿಂಗ್ ಕಲಿಯುವ ಬಹಳ ಜನ ಇದನ್ನು ಒಮ್ಮೆಯಾದರೂ ತೆರೆದಿರುತ್ತಾರೆ. ಖಾಲಿ ಎಷ್ಟು ಅಂತ ಕೇಳಿದರೆ ಉತ್ತರ 0. ಆದರೆ 35 ಜನರ ರಕ್ತದೊತ್ತಡ ಸೊನ್ನೆ. 11 ಜನರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಸೊನ್ನೆ. ಇನ್ಸುಲಿನ್ ಕಾಲಂನಲ್ಲಿ 374 ಸೊನ್ನೆ, ಹೆಚ್ಚುಕಡಿಮೆ ಅರ್ಧ. ಬದುಕಿರುವ ಮನುಷ್ಯರ ರಕ್ತದೊತ್ತಡ ಸೊನ್ನೆ ಆಗುವುದಿಲ್ಲ. ಇವೆಲ್ಲ ಅಳೆಯದೆ ಬಿಟ್ಟ ಜಾಗಗಳು. ಸೊನ್ನೆ ಸೇರಿಸಿದರೆ ಇನ್ಸುಲಿನ್ ಸರಾಸರಿ 79.8. ಬಿಟ್ಟರೆ 155.5.

ಅದೇ ಫೈಲ್‌ನಲ್ಲಿ ಎಷ್ಟು ಸಲ ಬಸುರಿಯಾಗಿದ್ದರು ಅನ್ನುವ ಕಾಲಂ ಇದೆ. ಅಲ್ಲಿ ಸೊನ್ನೆ ನಿಜವಾದ ಸೊನ್ನೆಯೇ ಇರಬಹುದು. ಹಾಗಾಗಿ ಫೈಲ್ ಪೂರ್ತಿ ಸೊನ್ನೆ ಹುಡುಕಿ ಖಾಲಿ ಮಾಡಬೇಡಿ. ಒಂದೊಂದೇ ಕಾಲಂ ಹಿಡಿದು "ಇಲ್ಲಿ ಸೊನ್ನೆ ಸಾಧ್ಯವಾ?" ಅಂತ ಕೇಳಿಕೊಳ್ಳಿ.

ಸೊನ್ನೆಯ ಬದಲು 99, 999, -999 ಕೂಡ ಇರುತ್ತವೆ. ನಮ್ಮ ಹವಾಮಾನ ಇಲಾಖೆಯ ಗ್ರಿಡ್ ಮಳೆ ಡೇಟಾದಲ್ಲಿ ಬೆಲೆ ಇಲ್ಲದ ಜಾಗಕ್ಕೆ -999 ಹಾಕಿರುತ್ತಾರೆ. ಅದು ಒಂದು ರೀತಿ ಒಳ್ಳೆಯದು, ಮಳೆ ಮೈನಸ್ ಆಗಲ್ಲ, ಕಣ್ಣಿಗೆ ಬೀಳುತ್ತೆ. ವಯಸ್ಸಿನ ಕಾಲಂನಲ್ಲಿ 99 ಇದ್ದರೆ ಕಷ್ಟ. ಅಜ್ಜಿಯೊಬ್ಬರಿಗೆ ನಿಜಕ್ಕೂ 99 ಆಗಿರಬಹುದು. 97, 98 ವಯಸ್ಸಿನವರು ಯಾರೂ ಇಲ್ಲದೆ 99ಕ್ಕೆ ಮಾತ್ರ ಗುಂಪು ಕಂಡರೆ ಅನುಮಾನ ಪಡಿ, ಪ್ರಶ್ನಾವಳಿ ತರಿಸಿಕೊಂಡು ಕೋಡ್ ಪಟ್ಟಿ ನೋಡಿ.

ಸಾಫ್ಟ್‌ವೇರ್‌ಗಳ ಚಾಳಿಯೂ ಗೊತ್ತಿರಲಿ. ಸ್ಟಾಟಾ ಅನ್ನುವ ಅಂಕಿಅಂಶ ಸಾಫ್ಟ್‌ವೇರ್‌ನಲ್ಲಿ ಖಾಲಿ ಅಂದರೆ ಎಲ್ಲ ಸಂಖ್ಯೆಗಿಂತ ದೊಡ್ಡದು. ಆದಾಯ 50,000ಕ್ಕಿಂತ ಜಾಸ್ತಿ ಇರುವವರನ್ನು ಆರಿಸಿ ಅಂದರೆ ಆದಾಯ ಹೇಳದವರೂ ಅದರಲ್ಲಿ ಬಂದುಬಿಡುತ್ತಾರೆ. ಅಂಥದ್ದೇ ಇನ್ನೊಂದಾದ ಎಸ್‌ಎಎಸ್‌ನಲ್ಲಿ ಉಲ್ಟಾ, ಖಾಲಿ ಎಲ್ಲಕ್ಕಿಂತ ಚಿಕ್ಕದು. ಪಾಂಡಾಸ್ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಟೇಬಲ್) ಫೈಲ್ ಓದುವಾಗ ಎನ್, ಎ ಎಂಬ ಎರಡು ಅಕ್ಷರ ಕಂಡರೆ ಖಾಲಿ ಅಂದುಕೊಳ್ಳುತ್ತೆ. ನಮೀಬಿಯಾ ದೇಶದ ಕೋಡ್ ಅದೇ ಎರಡಕ್ಷರ. ದೇಶಗಳ ಪಟ್ಟಿಯಿಂದ ಆ ದೇಶ ಸದ್ದಿಲ್ಲದೆ ಮಾಯವಾಗುತ್ತೆ.

ಒಂದು ಮಳೆ ರಿಜಿಸ್ಟರ್

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮಲೆನಾಡಿನ ಒಂದು ಮಳೆ ಮಾಪಕದ ರಿಜಿಸ್ಟರ್ ಅನ್ನು ಟೈಪ್ ಮಾಡಿಸಿ ನನಗೆ ಕಳಿಸಿದ್ದರು. ಮಳೆಯನ್ನು ದಿನಾ ಬೆಳಗ್ಗೆ 8.30ಕ್ಕೆ ಅಳೆಯುತ್ತಾರೆ, ಅದು ಹಿಂದಿನ 24 ಗಂಟೆಯ ಮಳೆ. ಫೈಲ್‌ನಲ್ಲಿ ಖಾಲಿ ಒಂದೂ ಇರಲಿಲ್ಲ. ಜುಲೈ ತಿಂಗಳ ಮೊತ್ತವೂ ಪಕ್ಕದ ಊರುಗಳ ಮೊತ್ತಕ್ಕೆ ಹೊಂದುತ್ತಿತ್ತು. ಆದರೆ ಮಳೆ ಬಿದ್ದ ದಿನಗಳನ್ನು ಎಣಿಸಿದರೆ ಪಕ್ಕದ ಊರುಗಳಿಗಿಂತ ಕಡಿಮೆ. 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮಳೆ ದಿನ ಅಂತ ಲೆಕ್ಕ. ಅಂಥ ಜುಲೈನಲ್ಲಿ ಇಷ್ಟೊಂದು ಒಣ ದಿನ ಹೇಗೆ?

ತಾರೀಖಿನ ಪಕ್ಕ ವಾರದ ಹೆಸರು ಹಾಕಿದೆ. ಸೊನ್ನೆಗಳೆಲ್ಲ ಭಾನುವಾರದ ಎದುರಿಗೆ ಸಾಲಾಗಿ ನಿಂತವು. ಸೋಮವಾರದ ಸಂಖ್ಯೆಗಳು ಮಾತ್ರ ಉಳಿದ ದಿನಗಳಿಗಿಂತ ದೊಡ್ಡವು. ಮಾಪಕ ನೋಡಿಕೊಳ್ಳುವವರಿಗೆ ಫೋನ್ ಮಾಡಿದೆ. "ಅಣ್ಣಾ, ಭಾನುವಾರದ ರೀಡಿಂಗ್ ಯಾರು ತಗೋತಾರೆ?" ಅಂದೆ. "ಭಾನುವಾರ ಆಫೀಸ್ ಬೀಗ ಹಾಕಿರತ್ತೆ ಸರ್, ಗೇಟ್ ಒಳಗೆ ಹೋಗಕ್ಕಾಗಲ್ಲ. ಸೋಮವಾರ ಎರಡು ದಿನದ್ದು ಒಟ್ಟಿಗೆ ಅಳೀತೀನಿ. ರಿಜಿಸ್ಟರ್‌ನಲ್ಲಿ ಗೆರೆ ಎಳೆದಿದೀನಲ್ಲ" ಅಂದರು. ಅವರು ಗೆರೆಯನ್ನೇ ಎಳೆದಿದ್ದರು, ನಿಜ. ಟೈಪ್ ಮಾಡುವಾಗ ಆ ಗೆರೆ ಸೊನ್ನೆಯಾಗಿತ್ತು.

ಈಗ ಆ ಸೊನ್ನೆ ಖಾಲಿ ಅಂತ ಗೊತ್ತಾಯಿತು. ಅದನ್ನು ತಿಂಗಳ ಸರಾಸರಿಯಿಂದ ತುಂಬಿದರೆ ಇನ್ನೂ ದೊಡ್ಡ ತಪ್ಪಾಗುತ್ತಿತ್ತು. ಭಾನುವಾರದ ಮಳೆ ಸೋಮವಾರದ ಅಂಕಿಯೊಳಗೆ ಆಗಲೇ ಇದೆ, ತುಂಬಿದರೆ ಅದೇ ಮಳೆಯನ್ನು ಎರಡು ಸಲ ಎಣಿಸಿದ ಹಾಗೆ. ನಾನು ಮಾಡಿದ್ದು ಇಷ್ಟೇ: ಭಾನುವಾರ ಖಾಲಿ ಅಂತ ಗುರುತು ಹಾಕಿ, ಸೋಮವಾರದ ಅಂಕಿ ಎರಡು ದಿನದ ಮೊತ್ತ ಅಂತ ಇನ್ನೊಂದು ಕಾಲಂನಲ್ಲಿ ಬರೆದೆ. ತಿಂಗಳ ಮೊತ್ತಕ್ಕೆ ಅದನ್ನು ಬಳಸಿದೆ. ಒಂದೇ ದಿನದ ಅತಿ ಹೆಚ್ಚು ಮಳೆ ಯಾವುದು ಅನ್ನುವ ಲೆಕ್ಕದಿಂದ ಆ ಸೋಮವಾರಗಳನ್ನು ಹೊರಗಿಟ್ಟೆ.

ಫೋನ್ ಮಾಡಲು ಆ ಕಡೆ ಒಬ್ಬರು ಇದ್ದರೆ, ಯಾವ ಸೂತ್ರಕ್ಕಿಂತ ಮೊದಲು ಫೋನ್ ಮಾಡಿ.

ಯಾಕೆ ಖಾಲಿಯಾಯಿತು

ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1976ರಲ್ಲಿ ಬರೆದ ಲೇಖನದಿಂದ ಬೆಳೆದ ಮೂರು ವಿಂಗಡಣೆಗಳನ್ನು ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಹೆಸರುಗಳು ಗೊಂದಲ ಹುಟ್ಟಿಸುತ್ತವೆ, ವಿಷಯ ಅಷ್ಟು ಕಷ್ಟವಲ್ಲ.

ಫಾರಂಗಳ ಕಟ್ಟಿನಿಂದ ನಾಲ್ಕು ಹಾಳೆ ಗಾಳಿಗೆ ಹಾರಿಹೋದರೆ, ಯಾರ ಹಾಳೆ ಹೋಯಿತು ಅನ್ನುವುದಕ್ಕೂ ಅದರಲ್ಲಿ ಏನಿತ್ತು ಅನ್ನುವುದಕ್ಕೂ ಸಂಬಂಧವಿಲ್ಲ. ಇದು ಪೂರ್ತಿ ಆಕಸ್ಮಿಕ. ಆ ಸಾಲುಗಳನ್ನು ಬಿಟ್ಟರೂ ಉತ್ತರ ಒಂದು ಕಡೆಗೆ ವಾಲುವುದಿಲ್ಲ, ಸಾಲು ಕಡಿಮೆಯಾದ ನಷ್ಟ ಮಾತ್ರ. ಎರಡನೆಯದರಲ್ಲಿ ಖಾಲಿಯಾಗುವುದು ನಮ್ಮ ಹತ್ತಿರ ಇರುವ ಬೇರೆ ಕಾಲಂ ಮೇಲೆ ನಿಂತಿರುತ್ತೆ. ಕೆಲವು ತಿಂಗಳಲ್ಲಿ ಜಾಸ್ತಿ ಖಾಲಿ, ಆದರೆ ತಿಂಗಳು ಯಾವುದು ಅಂತ ನಮಗೆ ಗೊತ್ತಿದೆ. ಆಗ ಆ ಕಾಲಂಗಳ ಸಹಾಯದಿಂದ ಸರಿಪಡಿಸಬಹುದು. ಮೂರನೆಯದು ಕಷ್ಟದ್ದು. ಕಾಣದ ಬೆಲೆಯೇ ಖಾಲಿಗೆ ಕಾರಣ. ಮಳೆ ವಿಪರೀತ ಬಂದು ಮಾಪಕದಿಂದ ನೀರು ಉಕ್ಕಿ ಹೋದರೆ, ಆ ದಿನದ ಅಂಕಿ ಸಿಗದಿರುವುದು ಮಳೆ ಜಾಸ್ತಿ ಬಂದದ್ದಕ್ಕೇ. ಆದಾಯ ಜಾಸ್ತಿ ಇರುವವರು ಆದಾಯ ಹೇಳದಿರುವುದೂ ಹಾಗೇ.

ಎರಡನೆಯದೋ ಮೂರನೆಯದೋ ಅಂತ ಕೈಯಲ್ಲಿರುವ ಡೇಟಾ ನೋಡಿ ಹೇಳಲು ಬರುವುದಿಲ್ಲ, ಯಾಕಂದ್ರೆ ಬೇಕಾದ ಸಾಕ್ಷಿಯೇ ಕಾಣೆಯಾಗಿದೆ. ಅಳೆದವರನ್ನು, ಅಳೆದ ಉಪಕರಣವನ್ನು ತಿಳಿದುಕೊಂಡೇ ತೀರ್ಮಾನಿಸಬೇಕು.

ನಮ್ಮ ಓಝೋನ್‌ಗೆ ಬರೋಣ. 37 ಖಾಲಿಗಳನ್ನು ತಿಂಗಳವಾರು ಹರಡಿದರೆ ಮೇ 5, ಜೂನ್ 21, ಜುಲೈ 5, ಆಗಸ್ಟ್ 5, ಸೆಪ್ಟೆಂಬರ್ 1. ಜೂನ್ ಒಂದೇ ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಇದು ಗಾಳಿಗೆ ಹಾರಿದ ಹಾಳೆಯ ಕಥೆ ಅಲ್ಲ. ದಿನಗಳನ್ನೇ ನೋಡಿದರೆ ಜೂನ್ 1ರಿಂದ 6 ಒಂದು ಸಾಲು, ಜೂನ್ 21ರಿಂದ 30 ಇನ್ನೊಂದು ಸಾಲು. ನಡುವೆ ಜೂನ್ 11 ಮತ್ತು 12 ಕೂಡ ಖಾಲಿ. ಆ ಎರಡು ದಿನದ ತಾಪಮಾನ 93 ಮತ್ತು 92. ಜೂನ್‌ನ ಅತಿ ಬಿಸಿ ದಿನದ ಓಝೋನ್ ಅಂಕಿಯೇ ನಮ್ಮ ಹತ್ತಿರ ಇಲ್ಲ.

ಸಿಕ್ಕ ಒಂಬತ್ತು ದಿನದ ಅಂಕಿಗಳು ಇವು: 29, 71, 39, 23, 21, 37, 20, 12, 13. ಸರಾಸರಿ 29.44. ಜೂನ್‌ನ ಸರಾಸರಿ ತಾಪಮಾನ 79.1, ಆದರೆ ಈ ಒಂಬತ್ತು ದಿನದ್ದು 78.2. ಜುಲೈನಲ್ಲಿ ತಾಪಮಾನ 83.9, ಓಝೋನ್ 59.1. ಈ ಫೈಲ್‌ನಲ್ಲಿ ಬಿಸಿ ಏರಿದ ಹಾಗೆ ಓಝೋನ್ ಏರುತ್ತೆ. ಹಾಗಾಗಿ ಜೂನ್‌ನ 29.44 ನಿಜಕ್ಕಿಂತ ಕಡಿಮೆ ಇರಬಹುದು ಅನ್ನುವುದು ನನ್ನ ಅಂದಾಜು.

ಲಕ್ಷಣ 4: ತುಂಬಿದ ಮೇಲೆ ಎಲ್ಲ ಚೆನ್ನಾಗಿ ಕಾಣುತ್ತಿದೆ

ಎಲ್ಲರೂ ಮೊದಲು ಮಾಡುವುದು ಖಾಲಿಗೆ ಸರಾಸರಿ ತುಂಬುವುದು. ಮಾಡಿ ನೋಡೋಣ. 37 ಜಾಗಕ್ಕೂ 42.13 ಹಾಕಿದೆ. ಸರಾಸರಿ ಹಾಗೇ ಇದೆ. ಆದರೆ ಪ್ರಮಾಣ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನುವ ಅಳತೆ) 32.99 ಇದ್ದದ್ದು 28.69ಕ್ಕೆ ಇಳಿಯಿತು. ಸರಾಸರಿಯ ಪ್ರಮಾಣ ದೋಷ (ಸರಾಸರಿ ಎಷ್ಟು ಆಚೀಚೆ ಇರಬಹುದು ಅನ್ನುವ ಅಳತೆ) 3.06ರಿಂದ 2.32 ಆಯಿತು. ಒಂದೇ ಒಂದು ಹೊಸ ಅಳತೆ ಬರಲಿಲ್ಲ, ಆದರೂ ನಮ್ಮ ಭರವಸೆ ಜಾಸ್ತಿಯಾದ ಹಾಗೆ ಕಾಣುತ್ತೆ. ತಾಪಮಾನ ಮತ್ತು ಓಝೋನ್ ನಡುವಿನ ಸಹಸಂಬಂಧ (1ಕ್ಕೆ ಹತ್ತಿರವಾದಷ್ಟೂ ಎರಡೂ ಒಟ್ಟಿಗೆ ಏರುತ್ತವೆ) 0.70 ಇದ್ದದ್ದು 0.61 ಆಯಿತು. 93 ಡಿಗ್ರಿ ದಿನಕ್ಕೂ 57 ಡಿಗ್ರಿ ದಿನಕ್ಕೂ ಒಂದೇ ಓಝೋನ್ ಕೊಟ್ಟರೆ ಸಂಬಂಧ ಸಡಿಲವಾಗದೆ ಇನ್ನೇನಾಗುತ್ತೆ? ಜೂನ್ ಸರಾಸರಿ 38.32ಕ್ಕೆ ಜಿಗಿಯಿತು, ಯಾಕಂದ್ರೆ 30 ದಿನದಲ್ಲಿ 21 ದಿನ ನಾವೇ ಬರೆದದ್ದು.

ದೋಷ ಕಂಡುಹಿಡಿಯಲು ಹಿಸ್ಟೋಗ್ರಾಂ (ಯಾವ ಬೆಲೆ ಎಷ್ಟು ಸಲ ಬಂತು ಅಂತ ತೋರಿಸುವ ಕಂಬಚಿತ್ರ) ಸಾಕು. ನಡುವೆ ಒಂದು ಕಂಬ ತೆಂಗಿನ ಮರದ ಹಾಗೆ ಎದ್ದು ನಿಂತಿದ್ದರೆ ಯಾರೋ ಒಂದೇ ಸಂಖ್ಯೆ ತುಂಬಿದ್ದಾರೆ ಅಂತ ಅರ್ಥ. ಬೇರೆಯವರು ಕೊಟ್ಟ ಫೈಲ್‌ನಲ್ಲೂ ಇದನ್ನು ನೋಡಿ.

ಹಿಂದಿನ ದಿನ ಮತ್ತು ಮರುದಿನದ ನಡುವೆ ಗೆರೆ ಎಳೆದು ತುಂಬುವುದು ಒಂದೆರಡು ದಿನಕ್ಕೆ ನಡೆಯುತ್ತೆ. ಜೂನ್ 21ರಿಂದ 30ರಂಥ ಹತ್ತು ದಿನದ ಬಾಯಿಗೆ ನಡೆಯಲ್ಲ. ಹತ್ತು ದಿನದಲ್ಲಿ ಬಿಸಿ ಏರಿ ಇಳಿದಿರುತ್ತೆ, ಗೆರೆ ನೇರವಾಗಿ ಹೋಗಿರುತ್ತೆ.

ಗಾಳಿ ಮತ್ತು ತಾಪಮಾನ ಪೂರ್ತಿ ಇರುವುದರಿಂದ ಅವುಗಳಿಂದ ಓಝೋನ್ ಅಂದಾಜು ಮಾಡುವುದು ಉತ್ತಮ. ಆದರೆ ಅಂದಾಜನ್ನು ಒಂದೇ ಸಲ ತುಂಬಿದರೆ ಅದು ಅಂದಾಜು ಅನ್ನುವುದೇ ಮರೆತುಹೋಗುತ್ತೆ. ಬಹು ಭರ್ತಿ ಅನ್ನುವ ವಿಧಾನ ಇದಕ್ಕಾಗಿಯೇ ಇದೆ. ಇದೂ ರೂಬಿನ್ ಅವರದ್ದೇ. ಖಾಲಿ ಜಾಗಕ್ಕೆ ಸ್ವಲ್ಪ ಸ್ವಲ್ಪ ಬೇರೆಯಾದ ಬೆಲೆ ಹಾಕಿ, ಉದಾಹರಣೆಗೆ 20 ಪೂರ್ತಿ ಟೇಬಲ್ ಮಾಡುತ್ತೇವೆ. ಇಪ್ಪತ್ತರಲ್ಲೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಉತ್ತರಗಳ ಸರಾಸರಿ ತೆಗೆಯುತ್ತೇವೆ. ಅನಿಶ್ಚಿತತೆಗೆ ಎರಡು ಪಾಲು: ಪ್ರತಿ ಟೇಬಲ್ ಒಳಗಿನ ವೇರಿಯನ್ಸ್‌ನ (ಪ್ರಮಾಣ ದೋಷದ ವರ್ಗ) ಸರಾಸರಿ, ಮತ್ತು ಟೇಬಲ್‌ಗಳ ಉತ್ತರಗಳ ನಡುವಿನ ವೇರಿಯನ್ಸ್. ಎರಡನೆಯದನ್ನು ಒಂದಕ್ಕೆ ಇಪ್ಪತ್ತನೇ ಒಂದು ಸೇರಿಸಿದ ಸಂಖ್ಯೆಯಿಂದ, ಅಂದರೆ 1.05ರಿಂದ ಗುಣಿಸಿ ಕೂಡಬೇಕು. ಟೇಬಲ್‌ಗಳು ಒಂದಕ್ಕೊಂದು ಒಪ್ಪದಿದ್ದರೆ ಪ್ರಮಾಣ ದೋಷ ತಾನಾಗಿಯೇ ದೊಡ್ಡದಾಗುತ್ತೆ. ಆರ್‌ನಲ್ಲಿ ಮೈಸ್ ಪ್ಯಾಕೇಜ್ ಇದನ್ನೆಲ್ಲ ಮಾಡಿಕೊಡುತ್ತೆ.

ಇಲ್ಲಿ ಮೂರು ಕಡೆ ಜನ ಎಡವುತ್ತಾರೆ. ಸುಮ್ನೆ ರಿಗ್ರೆಶನ್ ಗೆರೆಗೆ ಏರುಪೇರು ಸೇರಿಸಿ ತುಂಬಿದರೆ ತಂಪು ದಿನಗಳಿಗೆ ಮೈನಸ್ ಓಝೋನ್ ಬರಬಹುದು. ಅಂದಾಜು ಹತ್ತಿರ ಬರುವ ಬೇರೆ ದಿನದ ನಿಜ ಅಳತೆಯನ್ನೇ ಎರವಲು ತರುವ ವಿಧಾನ ಆರಿಸಿದರೆ ಆ ತೊಂದರೆ ಇಲ್ಲ. ಎರಡನೆಯದು, ವಿಕಿರಣದ ಖಾಲಿ ತುಂಬುವಾಗ ಓಝೋನ್ ಕಾಲಂ ಬಳಸಬಾರದು ಅಂದುಕೊಳ್ಳುತ್ತಾರೆ, ಅದು ಫಲಿತ ಅಂತ. ಬಳಸಲೇಬೇಕು. ಬಿಟ್ಟರೆ ತುಂಬಿದ ಸಾಲುಗಳಲ್ಲಿ ಅವೆರಡರ ಸಂಬಂಧ ತೆಳುವಾಗುತ್ತೆ. ಮೂರನೆಯದು ಮುನ್ಸೂಚನೆಯ ಮಾದರಿ ಮಾಡುವವರಿಗೆ. ಅಲ್ಲಿ ಕತೆ ಬೇರೆ: ತುಂಬುವ ಬೆಲೆಯನ್ನು ತರಬೇತಿ ಭಾಗದಿಂದ ಮಾತ್ರ ಕಲಿಯಿರಿ, ಪರೀಕ್ಷೆಯ ಭಾಗವನ್ನು ಮುಟ್ಟಬೇಡಿ.

ಕಾಣದ ಬೆಲೆಯೇ ಕಾರಣ ಇರಬಹುದು ಅನ್ನುವ ಅನುಮಾನ ಉಳಿದಿದ್ದರೆ, ತುಂಬಿದ ಬೆಲೆಗಳನ್ನು ಬೇಕಂತಲೇ ಮೇಲಕ್ಕೆತ್ತಿ ನೋಡಿ. ತುಂಬಿದ ಓಝೋನ್‌ಗೆಲ್ಲ 10 ಕೂಡಿಸಿ ಓಡಿಸಿ, ಆಮೇಲೆ 20 ಕೂಡಿಸಿ. ತೀರ್ಮಾನ ಅಲುಗದಿದ್ದರೆ ಧೈರ್ಯವಾಗಿ ಬರೆಯಬಹುದು. ಅಲುಗಿದರೆ, ಎಷ್ಟಕ್ಕೆ ಅಲುಗಿತು ಅಂತ ಬರೆಯಿರಿ.

ಹುಡುಗಿ ಕೊನೆಗೆ ಮೇ ತಿಂಗಳ ತಾಪಮಾನಕ್ಕೆ 65.55 ಇಟ್ಟುಕೊಂಡಳು, ಪಕ್ಕದಲ್ಲಿ "31 ದಿನ" ಅಂತ ಬರೆದಳು. ಓಝೋನ್ ಚಿತ್ರದಲ್ಲಿ ಜೂನ್‌ನ ಕಂಬಕ್ಕೆ ಬಣ್ಣ ತುಂಬದೆ ಬರೀ ಅಂಚು ಬಿಟ್ಟಳು. ಕೆಳಗೆ ಸಣ್ಣ ಅಕ್ಷರದಲ್ಲಿ: "30ರಲ್ಲಿ 9 ದಿನ ಮಾತ್ರ ಅಳತೆ ಇದೆ. ಜೂನ್ 21ರಿಂದ 30ರವರೆಗೆ ಅಳತೆ ಇಲ್ಲ."